ಹಿಂದ ಖಾಲಿ ಬಸ್ ಬರ್ತದ

ಡಯಾಲಿಸಿಸ್ ಮಾಡಿಸಿಕೊಳ್ಳುವವನಿಗೆ ನಗುವಂಥದ್ದು ಏನು ನಡೆದೀತು ಎಂದು ನಮ್ಮೂರು ಸರಸಂಬಾದಲ್ಲಿ ಜನ ಕೇಳುತ್ತಾರೆ. ಕಾರಿನಲ್ಲಿ ಹೋಗುವವನಿಗೆ ನಡೆಯಲಿಕ್ಕಿಲ್ಲ. ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಕಲಬುರಗಿಗೆ ಹೋಗುವವನಿಗೆ ನಡೆಯುತ್ತಲೇ ಇರುತ್ತದೆ.

ನಾವು ಮೂವರು. ಆಳಂದ ಕಡೆಯಿಂದ ನಾನು, ರಿಟೈರಾದ ಮಾಸ್ತರ. ಅಫಜಲಪುರದಿಂದ ಒಬ್ಬ ದರ್ಜಿ ಚಾಚಾ. ಜೇವರ್ಗಿ ಕಡೆಯ ಇಜೇರಿಯಿಂದ ಒಬ್ಬ ಗೌಡರು. ಸೋಮವಾರ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಹಾಸಿಗೆ ಮೇಲೆ ಇರಬೇಕು. ಹತ್ತೂವರೆ ದಾಟಿದರೆ ಹೊರಗೆ ಕಾಯುತ್ತಿರುವವರಿಗೆ ನಮ್ಮ ಹಾಸಿಗೆ ಹೋಗುತ್ತದೆ. ಒಂದು ಸಲ ತಪ್ಪಿದರೆ ಕಾಲು ಬಾತುಕೊಳ್ಳುತ್ತವೆ, ಆಮೇಲೆ ಮಲಗಿದರೆ ಉಸಿರೇ ಸಿಗುವುದಿಲ್ಲ. ನಮ್ಮ ಜೀವ ಡಾಕ್ಟರ ಕೈಯಲ್ಲಿದೆ ಅನ್ನುವುದು ಸುಳ್ಳು, ಅದು ಇರುವುದು ಡ್ರೈವರನ ಕೈಯಲ್ಲಿ.

ಮಷಿನ್ ಹಚ್ಚಿದ ಮೇಲೆ ನಾಲ್ಕು ತಾಸು ಕೈ ಅಲುಗಿಸುವಂತಿಲ್ಲ. ಅಲುಗಿದರೆ ಮಷಿನ್ ಕುಂಯ್ ಅಂತ ಕೂಗುತ್ತದೆ, ಸಿಸ್ಟರ್ ಓಡಿಬಂದು ಬೈಯುತ್ತಾರೆ. ಬಾಯಿಗೆ ಮಾತ್ರ ಬಂದೋಬಸ್ತ್ ಇಲ್ಲ. ಹೀಗಾಗಿ ಯಾರ ಲೈನಿನ ಬಸ್ಸು ಎಲ್ಲಕ್ಕಿಂತ ಕೆಟ್ಟದ್ದು ಅಂತ ಮೂವರೂ ಜಗಳಾಡುತ್ತಿದ್ದೆವು. ತೀರ್ಪು ಸಿಸ್ಟರದು. ಗೆದ್ದವನಿಗೆ ಮುಂದಿನ ಸಲ ಕಿಟಕಿ ಪಕ್ಕದ ಹಾಸಿಗೆ.

೧. ಆಳಂದ ಲೈನು

ನಮ್ಮ ಲೈನಿನಲ್ಲಿ ಬಸ್ಸಿಗೆ ಬರವಿಲ್ಲ. ಟೈಮಿಗೆ ಬರುತ್ತದೆ, ಟೈಮಿಗೆ ಬಿಡುತ್ತದೆ. ಒಳಗೆ ಹೋಗಲು ಜಾಗ ಮಾತ್ರ ಇರುವುದಿಲ್ಲ. ಬಸ್ಸು ಸ್ಟ್ಯಾಂಡಿಗೆ ತಿರುಗುವುದರೊಳಗೆ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಒಗೆಯಬೇಕು. ಟವೆಲ್ ಬಿದ್ದ ಸೀಟು ನಮ್ಮದು, ಇದನ್ನು ಕಳ್ಳರೂ ಒಪ್ಪುತ್ತಾರೆ.

ಒಂದು ಸೋಮವಾರ ಟವೆಲ್ ಮನೆಯಲ್ಲೇ ಮರೆತಿದ್ದೆ. ಕೈಯಲ್ಲಿದ್ದದ್ದು ಆಸ್ಪತ್ರೆ ಫೈಲು, ಅದನ್ನೇ ಒಗೆದೆ. ಸರಿಯಾಗಿ ಸೀಟಿನ ಮೇಲೇ ಬಿತ್ತು. ಖುಷಿಯಾಗಿ ಬಾಗಿಲಿಗೆ ಬಂದರೆ ಅಲ್ಲಿ ಜನ ಜೋತುಬಿದ್ದಿದ್ದರು. ಒಂದು ಕಾಲು ಇಟ್ಟೆ, ಅದನ್ನೂ ಯಾರೋ ತಳ್ಳಿದರು. ಬಸ್ಸು ಹೋಯಿತು, ಫೈಲೂ ಹೋಯಿತು.

ಮುಂದಿನ ಬಸ್ಸಿನಲ್ಲಿ ಅಳುವ ಮುಖ ಮಾಡಿಕೊಂಡು ಹತ್ತು ಇಪ್ಪತ್ತೈದಕ್ಕೆ ವಾರ್ಡು ಮುಟ್ಟಿದೆ. ಫೈಲು ಸಿಸ್ಟರ್ ಮೇಜಿನ ಮೇಲಿತ್ತು. ಯಾರೋ ಪುಣ್ಯಾತ್ಗಿತ್ತಿ ಹೆಸರು ಓದಿ, ಆಸ್ಪತ್ರೆತನಕ ಬಂದು ಕೊಟ್ಟು ಹೋಗಿದ್ದಳು.

“ನಿಮ್ಮ ಫೈಲ್ ಒಂಬತ್ತೂವರಿಗೇ ಬಂದು ಕುಂತದ. ನೀವು ಎಲ್ಲಿ ಹೋಗಿದ್ರಿ ಮಾಸ್ತರ್?” ಅಂದರು ಸಿಸ್ಟರ್.

“ಅದಕ್ಕ ಸೀಟ್ ಸಿಕ್ತರಿ ಸಿಸ್ಟರ್. ನನಗ ಸಿಗಲಿಲ್ಲ.”

೨. ಅಫಜಲಪುರ ಲೈನು

ಚಾಚಾ ಅವರ ಬಸ್ಸಿನಲ್ಲಿ ಸೀಟು ಸಿಗುತ್ತದೆ. ಆದರೆ ಆ ಸೀಟಿನಲ್ಲಿ ಕೂತು ಊರು ಮುಟ್ಟುತ್ತೀರಿ ಅಂತ ಯಾರೂ ಬರೆದುಕೊಟ್ಟಿಲ್ಲ. ಅರ್ಧ ದಾರಿಯಲ್ಲಿ ಎಂಜಿನ್ ಕಾದು ಹೊಗೆ ಬಿಡುತ್ತದೆ, ಎಲ್ಲರೂ ಇಳಿದು ಜಾಲಿ ಗಿಡದ ಕೆಳಗೆ ನಿಲ್ಲುತ್ತಾರೆ.

ನಮಗೆ ದಿನಕ್ಕೆ ಇಷ್ಟೇ ನೀರು ಅಂತ ಅಳತೆಯಿದೆ. ಬೇಸಿಗೆಯಲ್ಲಿ ಅದೇ ದೊಡ್ಡ ಶಿಕ್ಷೆ. ಚಾಚಾ ತಮ್ಮ ದಿನದ ಪಾಲನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು, ಗುಟುಕು ಗುಟುಕಾಗಿ ಸಂಜೆತನಕ ಎಳೆಯುತ್ತಾರೆ. ಒಂದು ದಿನ ಬಸ್ಸು ನಿಂತಾಗ ಡ್ರೈವರ್ ಬಂದು, “ಯಾರ ಬಲ್ಲಿ ನೀರಿದ್ರ ಕೊಡ್ರಿ, ರೇಡಿಯೇಟರಿಗೆ ಹಾಕಬೇಕು” ಅಂದ. ಜನರ ಬಾಟಲಿಗಳೆಲ್ಲ ಖಾಲಿ. ಚಾಚಾ ತಮ್ಮದನ್ನು ನೋಡಿದರು, ಗಡಿಯಾರ ನೋಡಿದರು, ಬಾಟಲಿ ಕೊಟ್ಟುಬಿಟ್ಟರು.

ವಾರ್ಡಿಗೆ ಬಂದಾಗ ಅವರ ತುಟಿ ಒಣಗಿ ಬಿರಿದಿದ್ದವು. ಸಿಸ್ಟರ್ ಎಂದಿನಂತೆ, “ಇವತ್ತ ಎಷ್ಟು ನೀರು ಕುಡದೀರಿ ಚಾಚಾ?” ಅಂತ ಕೇಳಿದರು.

“ನಾ ಒಂದೇ ಗುಟುಕರಿ. ಉಳಿದದ್ದೆಲ್ಲಾ ಬಸ್ ಕುಡೀತು. ಅದರದೂ ಕಿಡ್ನಿ ಹೋಗ್ಯಾವ ಕಾಣ್ತದ, ಬಾಜೂಕ ಒಂದು ಹಾಸಿಗಿ ಹಾಕ್ರಿ.”

ನಾನು ನಕ್ಕೆ, ನನ್ನ ಮಷಿನ್ ಕೂಗಿತು, ಬೈಸಿಕೊಂಡೆ.

೩. ಜೇವರ್ಗಿ ಲೈನು

ಗೌಡರ ಕಥೆಯೇ ಬೇರೆ. ಅವರ ರಸ್ತೆಯಲ್ಲಿ ಬಸ್ಸು ಬರುತ್ತವೆ, ಆದರೆ ಹಿಂದಿನ ಊರುಗಳಲ್ಲೇ ತುಂಬಿಕೊಂಡು ಬಂದು, ಇಜೇರಿಯಲ್ಲಿ ನಿಲ್ಲದೆ ಹೋಗುತ್ತವೆ. ಕಂಡಕ್ಟರ್ ಬಾಗಿಲಿನಿಂದ ಕೈ ಬೀಸಿ, “ಹಿಂದ ಖಾಲಿ ಬಸ್ ಬರ್ತದ ಗೌಡ್ರ” ಅನ್ನುತ್ತಾನೆ.

“ಆ ಹಿಂದಿನ ಬಸ್ ಎರಡು ವರ್ಷದಿಂದ ಕಾಯಾಕತ್ತೇನಿ ಮಾಸ್ತರ. ಇನ್ನೂ ಹಿಂದೇ ಅದ,” ಅನ್ನುತ್ತಿದ್ದರು ಗೌಡರು.

ಒಂದು ಗುರುವಾರ ಬಸ್ಸು ಸಿಗದೆ ಆಡು ತುಂಬಿದ ಟೆಂಪೋದಲ್ಲಿ ಬಂದರು. ಧೋತರಕ್ಕೆಲ್ಲ ಹಿಕ್ಕೆ, ಮೀಸೆಗೆ ಧೂಳು. ಹತ್ತೂವರೆಗೆ ಎರಡು ನಿಮಿಷವಿತ್ತು. ಸಿಸ್ಟರ್ ಮೂಗು ಮುಚ್ಚಿಕೊಂಡು, “ಇದೇನ್ರಿ ಗೌಡ್ರ ವಾಸನಿ?” ಅಂದರು.

“ಆಡು ಏನೂ ಅನಲಿಲ್ಲರಿ ಸಿಸ್ಟರ್. ಸರದು ಜಾಗಾ ಕೊಟ್ಟವು. ಮನಷ್ಯಾರು ಕೊಡಲಿಲ್ಲ.”

ಆ ಗುರುವಾರ ಗೌಡರು ಗೆದ್ದರು. ಕಿಟಕಿ ಹಾಸಿಗೆ ಅವರಿಗೇ ಅಂತ ಸಿಸ್ಟರ್ ಹೇಳಿದಾಗ, “ನನ್ನ ಹೆಂಗ ಸೋಲಸ್ತೀರಿ? ಆ ಖಾಲಿ ಬಸ್ ಬಂದ ದಿನ ನಾ ಸೋತಂಗ,” ಅಂತ ನಮ್ಮಿಬ್ಬರನ್ನೂ ಅಣಕಿಸಿದರು.

೪. ಕಿಟಕಿ ಹಾಸಿಗೆ

ಮುಂದಿನ ಸೋಮವಾರ ಹತ್ತಾದರೂ ಗೌಡರಿಲ್ಲ. ನಾನು ನನ್ನ ಟವೆಲನ್ನು ಕಿಟಕಿ ಹಾಸಿಗೆ ಮೇಲೆ ಒಗೆದು ನನ್ನ ಹಾಸಿಗೆಯಲ್ಲಿ ಮಲಗಿದೆ. ಮಷಿನ್ ಹಚ್ಚಿದರು. ಹತ್ತೂವರೆಗೆ ಸಿಸ್ಟರ್ ಬಂದು, “ಹೊರಗ ಒಬ್ಬ ಅಮ್ಮ ಕಾಯಾಕತ್ತಾಳ, ಆಕಿಗಿ ಉಸರು ಕಟ್ಟೇದ” ಅಂದರು.

“ಟವೆಲ್ ಹಾಕೇವಲ್ಲರಿ,” ಅಂದೆ ನಾನು.

“ಸ್ವಲ್ಪ ತಡೀರಿ ಸಿಸ್ಟರ್,” ಅಂದರು ಚಾಚಾ. “ಹಿಂದ ಖಾಲಿ ಬಸ್ ಬರ್ತದ.”

ಐದು ನಿಮಿಷ ತಡೆದರು. ಅಷ್ಟರಲ್ಲಿ ಚಾಚಾನ ಫೋನು ರಿಂಗಾಯಿತು. ಗೌಡರ ಹೆಂಡತಿ. ಚಾಚಾ ಸ್ಪೀಕರ್ ಹಾಕಿದರು.

“ಹೋದ್ರರಿ ಅಣ್ಣಾರ,” ಅಂದರು ಅವರು. “ಬಸ್ ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕುಂತಲ್ಲೇ ಹೋದ್ರು. ಬಸ್ ಟೈಮಿಗೆ ಬಂದಿತ್ರಿ. ಪೂರಾ ಖಾಲಿ ಇತ್ರಿ. ಕಂಡಕ್ಟರ್ ತಾನೇ ಇಳಿದು ಬಂದು, ಹತ್ರಿ ಗೌಡ್ರ, ಅಂತ ಕೈ ಹಿಡದ. ಕೈ ತಣ್ಣಗಾಗಿತ್ರಿ.”

ಚಾಚಾ ಫೋನು ಇಟ್ಟು, ಚಾವಣಿ ನೋಡುತ್ತ ಅಂದರು, “ಮಾಸ್ತರ್, ಗೌಡ್ರು ಸೋತ್ರು ನೋಡ್ರಿ.”

ನಗಬಾರದಿತ್ತು. ನಕ್ಕುಬಿಟ್ಟೆ, ನಗುತ್ತಲೇ ಅಳು ಬಂತು. ನನ್ನ ಮಷಿನ್ ಕೂಗಿತು, ಬೆನ್ನಿಗೇ ಚಾಚಾನದೂ ಕೂಗಿತು. ಸಿಸ್ಟರ್ ಓಡಿಬಂದು ಎರಡರ ಕೂಗನ್ನೂ ಬಂದ್ ಮಾಡಿದರು, ಬೈಯಲಿಲ್ಲ. ಕಿಟಕಿ ಹಾಸಿಗೆ ಮೇಲಿನ ಟವೆಲ್ ಮಡಚಿ ನನ್ನ ತಲೆಯ ಕೆಳಗಿಟ್ಟು, ಹೊರಗಿದ್ದ ಅಮ್ಮನನ್ನು ಕರೆತಂದು ಅಲ್ಲಿ ಮಲಗಿಸಿದರು.

ಚಾಚಾ ಹೆಗಲಿಗೆ ಕಣ್ಣು ಒರೆಸಿಕೊಂಡು ಆಕೆಯ ಕಡೆ ತಿರುಗಿದರು.

“ಅಮ್ಮಾರ, ನಿಮ್ದು ಯಾವ ಲೈನ್ರಿ?”