ಮೊದಲು ಕಾಕಾನ ಮೂಗು

ಇಡೀ ಪುಣೆಯಲ್ಲಿ ನಮ್ಮ ಕಾಕಾನಷ್ಟು ಔಷಧ ಕುಡಿದ ಆರೋಗ್ಯವಂತ ಇನ್ನೊಬ್ಬನಿಲ್ಲ. ತಾಯಿಯಿಲ್ಲದ ಮಗಳು ಗಂಗೂಗೆ ಏನು ಕೊಡುವುದಿದ್ದರೂ ಮೊದಲು ತಾನು ಪರೀಕ್ಷಿಸಬೇಕು. ಅವಳು ಚಿಕ್ಕವಳಿದ್ದಾಗ ವೈದ್ಯರು ಔಡಲೆಣ್ಣೆ ಕೊಟ್ಟರೆ ಮೊದಲ ಗುಟುಕು ಈತನದು. ಗುಟುಕೆಂದರೆ ಮುಕ್ಕಾಲು ಬಾಟಲಿ! ಅಂದು ಕಚೇರಿಯಲ್ಲಿ ಕಾಕಾನ ಕೋಟು ಮಾತ್ರ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿತು.

ಇಂಥವನಿಗೆ ಮೂಗಿನ ಚಿಂತೆ ಹತ್ತಿತು. ಅಪ್ಪ ಮಗಳಿಬ್ಬರದೂ ಒಂದೇ ಮೂಗು: ಹುಬ್ಬಿನಿಂದ ನೆಟ್ಟಗೆ ಹೊರಟು, ನಡುವೆ ಏನೋ ನೆನಪಾದಂತೆ ಡುಬ್ಬ ಎತ್ತಿ, ಬಾಯಿಯ ಕಡೆ ಬಾಗುತ್ತದೆ. ಗಂಗೂಳನ್ನು ನೋಡಲು ಬಂದ ಮೂರು ಗಂಡಿನವರೂ ಅವಲಕ್ಕಿ ತಿಂದು, ಮೂಗು ನೋಡಿ, ಊರಿಗೆ ಹೋಗಿ ಒಲ್ಲೆವೆಂದು ಕಾಗದ ಹಾಕಿದರು. ಮೂರನೆಯ ಕಾಗದ ಬಂದಂದಿನಿಂದ ಕಾಕಾ ಕೂತಲ್ಲಿ ಕೂಡಲಿಲ್ಲ. ಎರಡು ತುತ್ತು ಉಣ್ಣುವುದು, ಎದ್ದು ಅಡ್ಡಾಡುವುದು, ಮತ್ತೆ ಎರಡು ತುತ್ತು.

ಎರಡನೆಯ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಸಿಪಾಯಿಗಳ ಮುಖ ಹೊಲಿದು ಕೈ ಪಳಗಿದ ಡಾಕ್ಟರೊಬ್ಬರು ದಂಡಿನ ಪೇಟೆ ಲಷ್ಕರದ ಕಡೆ ದವಾಖಾನೆ ತೆರೆದು, ಮೂಗಿನ ಡುಬ್ಬವನ್ನೂ ಇಳಿಸುತ್ತಾರೆಂಬ ಸುದ್ದಿ ತಂದವನು ನಾನೇ. ಬಟ್ಟೆ ವ್ಯಾಪಾರದವನಿಗೆ ಯಾವ ಸುದ್ದಿ ತಪ್ಪುತ್ತದೆ?

"ಮೊದಲ ನಂದು ಮಾಡಲಿ. ಆಮ್ಯಾಲ ಗಂಗೂಂದು," ಎಂದ ಕಾಕಾ.

"ಮೂಗು ಅಂದ್ರ ಔಡಲೆಣ್ಣಿ ಅಲ್ಲ ಕಾಕಾ."

"ಅದಕ್ಕ ಅಂತೀನಿ. ಔಡಲೆಣ್ಣಿ ಒಂದ ದಿನಕ್ಕ ಮುಗೀತದ. ಇದು ಜನ್ಮಪೂರ್ತಿ ಮಾರಿ ಮ್ಯಾಲ ಇರೂದು."

ಎರಡೂ ಮೂಗು ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆ, ದರ ನೋಡಿ ಹೇಳಬೇಕೆಂದು ನಾನು ಡಾಕ್ಟರ ಹತ್ತಿರ ಮರಾಠಿಯಲ್ಲಿ ಚೌಕಾಸಿಗೆ ನಿಂತೆ. ಅವರು ಜಪ್ಪೆನ್ನಲಿಲ್ಲ. ಆಗ ಕಾಕಾ ನಡುವೆ ಬಾಯಿ ಹಾಕಿ, ಗಾಯ ಮಾಯ್ದು ಎಷ್ಟು ದಿನಕ್ಕೆ ನತ್ತು ಹಾಕಿಕೊಳ್ಳಬಹುದೆಂದು ಕೇಳಿದ. ಡಾಕ್ಟರು ಅವನ ಮೀಸೆ ನೋಡಿದರು, ನನ್ನ ಮುಖ ನೋಡಿದರು. ನತ್ತು ಮಗಳಿಗೆಂದು ನಾನು ಬಿಡಿಸಿ ಹೇಳಿದೆ. ದರ ತಾನಾಗಿಯೇ ಇಳಿಯಿತು.

ಮೂಗು ಸರಿಮಾಡಿಸಿಕೊಳ್ಳುವವರಿಗೆ ನನ್ನದೊಂದು ಸಲಹೆ: ಏನಾಗುತ್ತದೆಂದು ಡಾಕ್ಟರನ್ನು ಕೇಳಬೇಡಿ, ಮಾಡಿಸಿಕೊಂಡವರನ್ನು ಕೇಳಿ. ನೋವಾಗುವುದಿಲ್ಲವೆಂದು ಡಾಕ್ಟರು ಹೇಳುವುದು ತಮ್ಮ ಮೂಗಿನ ವಿಷಯ. ಶಸ್ತ್ರಕ್ರಿಯೆ ಮುಗಿದಂದೇ ಕಾಕಾ ಮಂಚದ ಮೇಲೆ ಬಾಯಿಂದ ಉಸಿರಾಡುತ್ತ, ಗಂಗೂಗೆ ಮೊದಲೇ ತಿಳಿದಿರಲೆಂದು, ಎಲ್ಲವನ್ನೂ ನನ್ನಿಂದ ಬರೆಸಿದ.

"ಬರಕೋ. ಮೂಗು ಜೋಮು ಹಿಡೀತದ, ಕಿವಿ ಹಿಡಿಯೂದಿಲ್ಲ. ಉಳಿ ಸಪ್ಪಳ ಕೇಳತದ. ಮಗ್ಗಲ ಮನಿಗೆ ಬಡಿಗ್ಯಾ ಬಂದಾನಂತ ತಿಳಕೊಂಡು ಸುಮ್ಮನ ಮಲಕೋಬೇಕು."

ಎರಡನೆಯ ದಿನ ಕಣ್ಣುಗಳು ಬಾತು ಬದನೆಕಾಯಿಯಾದವು. "ಬರಕೋ. ಅಕಿ ಕೈಗೆ ಕನ್ನಡಿ ಕೊಡಬಾರದು." ಮೂಗಿನೊಳಗೆ ಅರಳೆ ತುರುಕಿದ್ದರಿಂದ ಹಾಲು ಸೀದರೂ ವಾಸನೆ ಬಡಿಯಲಿಲ್ಲ. "ಬರಕೋ. ಆ ಎಂಟು ದಿನ ಅಡಗಿ ನಾ ಮಾಡತೀನಿ." ಅವನ ಕೈಯಡಿಗೆ ಉಂಡು ಬಲ್ಲ ನಾನು ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಬಾವು ಪೂರ್ತಿ ಇಳಿಯಲು ತಿಂಗಳುಗಟ್ಟಲೆ ಬೇಕೆಂದು ಹೇಳಿಯೇ ಡಾಕ್ಟರು ಕಟ್ಟು ಬಿಚ್ಚಿದರು. ಬೇರೆಯವರ ಮನೆಯಿಂದ ಕೇಳಿ ತಂದಂಥ ನೆಟ್ಟಗಿನ ಮೂಗು! ಕಾಕಾ ಮನೆಗೆ ಬಂದವನೇ ಬಾಗಿಲಿಗೂ ಕಿಟಕಿಗೂ ಅಡ್ಡಾಡುತ್ತ, "ತಡಕೋಬಹುದು ಗಂಗೂ. ನಿನಗೂ ಆಗತದ," ಎಂದ.

ಗಂಗೂ ಅವನ ಹೊಸ ಮೂಗು ನೋಡಿ, ತನ್ನ ಮೂಗಿನ ಡುಬ್ಬ ಮುಟ್ಟಿಕೊಂಡಳು.

"ನನಗ ಬ್ಯಾಡಪ್ಪಾ."

"ಯಾಕ, ಹೆದರಿದೇನು?"

"ಹೆದರಿಲ್ಲ. ನಾ ಯಾರ ಹಂಗ ಇದ್ದೀನಿ ಅಂದ್ರ ಮಂದಿ ನಿನ್ನ ಕಡೆ ಬಟ್ಟು ಮಾಡಿ ತೋರಸತಿದ್ರು. ಈಗ ನಿನ್ನ ಹಳೇ ಮೂಗು ನನ್ನ ಹತ್ರ ಅಷ್ಟ ಉಳದದ. ಅದನ್ನೂ ತಗಸ್ಲೇನು?"

"ಮತ್ತ ಲಗ್ನ?"

"ಇದನ್ನ ನೋಡಿ ಹೂಂ ಅನ್ನಾವ ಬರಲಿ. ಬರದಿದ್ರ ಬಿಡು."

ಕಾಕಾ ನಿಂತುಬಿಟ್ಟ. ಕಣ್ಣಲ್ಲಿ ನೀರು ಬಂತು. ಮುಖಕ್ಕೆ ಕೈ ಹಚ್ಚಬಾರದೆಂದು ಡಾಕ್ಟರ ಕಟ್ಟಪ್ಪಣೆಯಿತ್ತು. ಎರಡೂ ಕೈ ಇಳಿಬಿಟ್ಟು, ಕೂಸಿನ ಹಾಗೆ ಮುಖ ಮುಂದೆ ಮಾಡಿದ. ಗಂಗೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಎಲ್ಲಿಯೂ ನೋಯದ ಹಾಗೆ ಒರೆಸತೊಡಗಿದಳು.