ಎರಡನೇ ತರಗತಿಯ ನೆಲದ ಕೆಳಗೆ

ನಮ್ಮ ಶಾಲೆಯಲ್ಲಿ ನಗು ಬರುವಂಥದ್ದು ನಡೆಯುವುದು ಹೆಚ್ಚಾಗಿ ನಾನು ಹೆದರಿ ಕೂತಿರುವಾಗಲೇ. ಹೆಂಡತಿ ಇದ್ದಾಗ ಸಂಜೆ ಅವಳಿಗೆ ಹೇಳುತ್ತಿದ್ದೆ. ಈಗ ಬರೆಯುತ್ತೇನೆ.

೧. ಕುರ್ಚಿ

ಅವತ್ತು ಎಂದಿನಂತೆ ಎರಡನೇ ತರಗತಿಗೆ ಮಗ್ಗಿ ಹೇಳಿಸುತ್ತಿದ್ದೆ. ಒಂದು ವಾರ ಮಳೆ ಹಿಡಿದು ಬಿಟ್ಟಿತ್ತು. ನನ್ನ ಕುರ್ಚಿಯ ಕೆಳಗೆ ಸಿಮೆಂಟು ಬಿರಿದು, ನೆಲ ಮೆಲ್ಲಗೆ ಕುಸಿಯತೊಡಗಿತು. ಮಕ್ಕಳು ಮಗ್ಗಿ ನಿಲ್ಲಿಸಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತು ಹೇಳಿದಳು: "ಸಾರ್, ನೀವು ಗಿಡ್ಡ ಆಯ್ತಾ ಇದ್ದೀರಿ."

೨. ತಂತಿ

ನೋಡಲು ಬಂದ ಅಧಿಕಾರಿ, "ಕೆಳಗೆ ದೊಡ್ಡ ಪೊಳ್ಳಿದ್ದರೆ ಶಾಲೆ ಮುಚ್ಚಬೇಕು. ಮಕ್ಕಳು ತಾಳವಾಡಿ ಶಾಲೆಗೆ ಹೋಗಲಿ" ಎಂದರು. ಆ ದಾರಿಯಲ್ಲಿ ಆನೆಗಳು ದಾಟುತ್ತವೆ.

ಪೊಳ್ಳು ಎಷ್ಟು ದೊಡ್ಡದೆಂದು ತಿಳಿಯಲು ಒಬ್ಬ ಎಂಜಿನಿಯರ್ ಬಂದರು. ಗೋಡೆಯ ಪಕ್ಕ ಸಾಲಾಗಿ ಮೊಳೆಯಂಥ ಉಪಕರಣ ನೆಟ್ಟು, ಒಂದಕ್ಕೊಂದು ತಂತಿ ಜೋಡಿಸಿದರು. ಪಕ್ಕದ ಹೊಲದ ರೈತ ಓಡಿ ಬಂದ.

"ಸೋಲಾರ್ ಬೇಲಿಯಾ ಸಾ? ನಮ್ಮ ಒಲದ ಗಂಟ ಎಳ್ದ್‌ಬುಡಿ."

"ಇದು ಶಾಕ್ ಹೊಡೆಯಲ್ಲಪ್ಪ. ನೆಲ ಅದುರುವುದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ" ಎಂದರು ಎಂಜಿನಿಯರ್.

ರೈತ ನಿರಾಶೆಯಿಂದ ತಂತಿ ನೋಡಿದ. "ಕೇಳುಸ್ಕಳಕ್ಕೆ ಇದ್ಯಾಕ್ ಸಾ? ಆನ ಬರದು ನಮ್ಗೇ ಕೇಳುಸ್ತದ."

೩. ಸುತ್ತಿಗೆ

ಎಂಜಿನಿಯರ್ ನೆಲದ ಮೇಲೆ ಕಬ್ಬಿಣದ ತಟ್ಟೆ ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಾರೆ. ಆ ಕಂಪನ ಕೆಳಗಿಳಿದು ವಾಪಸು ಬರುತ್ತದೆ. ಪೊಳ್ಳಿರುವ ಕಡೆ ಅದರ ನಡೆ ಬದಲಾಗುತ್ತದೆ. ಹೊಡೆದಾಗ ಯಾರೂ ಅಲುಗಾಡಬಾರದು.

ನಮ್ಮ ಅಡುಗೆಯ ಅಜ್ಜಿಗೆ ಭೂಮ್ತಾಯಿಗೆ ಏಟು ಬೀಳುವುದನ್ನು ನೋಡಲಾಗಲಿಲ್ಲ. ಪ್ರತಿ ಏಟಿಗೂ ಓಡಿ ಬಂದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ಕಣವ್ವ" ಎನ್ನುವಳು. ಯಂತ್ರದಲ್ಲೆಲ್ಲ ಅಜ್ಜಿಯ ಹೆಜ್ಜೆಯೇ.

ಎಂಜಿನಿಯರ್ ಕೈ ಮುಗಿದರು. "ಅಜ್ಜೀ, ಎಲ್ಲ ಏಟಿಗೂ ಸೇರಿಸಿ ಕೊನೆಗೊಂದು ಸಲ ಕ್ಷಮೆ ಕೇಳಿಕೊಳ್ಳಿ."

"ಆಗ್ಲಿ ಕಣಪ್ಪ" ಎಂದಳು ಅಜ್ಜಿ. "ನೀನೂ ಎಲ್ಲಾ ಏಟ್ನೂ ಸೇರ್ಸಿ ಕೊನ್ಗೊಂದ್ ಸಲ ಒಡ್ದುಬುಡು."

೪. ಯಜಮಾನರು

ಯಂತ್ರದ ಪರದೆಯ ಮೇಲೆ ಕೋಣೆಯ ಕೆಳಗೆ ಸರಿಯಾಗಿ ಒಂದು ಕಪ್ಪು ಮಚ್ಚೆ ಕಂಡಿತು. "ಚಿಕ್ಕದು, ಸುತ್ತಲೂ ಗಟ್ಟಿಯಿದೆ" ಎಂದರು ಎಂಜಿನಿಯರ್. ನಾನು ನಂಬದೆ ಮತ್ತೆ ಮತ್ತೆ ಕೇಳಿದೆ. "ಹಾಗಾದರೆ ಅಗೆದೇ ನೋಡಿ" ಎಂದರು.

ಅಗೆದಾಗ ಬಿರುಕು ಬಿಟ್ಟ ಚಪ್ಪಡಿ ಸಿಕ್ಕಿತು. ಕೆಳಗೆ ಹಗೇವು. ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಅಗೆಯುವುದನ್ನು ನೋಡಲು ಬಂದಿದ್ದ ಅಧಿಕಾರಿ, ಶಾಲೆ ಮುಚ್ಚಬೇಕಿಲ್ಲ ಎಂದರು. ಅಷ್ಟರಲ್ಲಿ ಊರಿನ ಇಬ್ಬರು ಹಿರಿಯರು ಕಂಕುಳಲ್ಲಿ ಗೋಣಿಚೀಲ ಇಟ್ಟುಕೊಂಡು ಬಂದರು.

"ಇದು ನಮ್ಮ ತಾತನ ಅಗೇವು" ಎಂದ ಮೊದಲನೆಯವನು.

"ನಿಮ್ಮ ತಾತುಂಗೆ ಒಲಾನೇ ಇರ್ನಿಲ್ಲ, ಅಗೇವು ಎಲ್ಲಿಂದ ಬಂತ್ಲಾ? ಇದು ನಮ್ದು" ಎಂದ ಇನ್ನೊಬ್ಬ.

ಅಧಿಕಾರಿ ಇಬ್ಬರನ್ನೂ ನೋಡಿದರು. "ಒಳಗೆ ರಾಗಿ ಇಲ್ಲ. ಯಾರದೋ ಹೇಳಿ. ಅವರೇ ಇದಕ್ಕೆ ಕಲ್ಲು ಮಣ್ಣು ತುಂಬಿ, ಶಾಲೆಯ ನೆಲ ಗಟ್ಟಿ ಮಾಡಿಕೊಡಬೇಕು."

ಮೊದಲನೆಯವನು ಚೀಲ ಮಡಿಸುತ್ತ, "ನಮ್ಮ ತಾತುಂಗೆ ಒಲಾನೇ ಇರ್ನಿಲ್ಲ ಸಾ. ಇವನೇ ಏಳ್ದನಲ್ಲ" ಎಂದ.

ಕೊನೆಗೆ ಊರವರೆಲ್ಲ ಸೇರಿ ತುಂಬಿದರು. ಎರಡನೇ ತರಗತಿ ಈಗ ಅದೇ ಕೋಣೆಯಲ್ಲಿ ಕೂರುತ್ತದೆ.