ಬಾಳೆತೋಟ ತೆಗೆಸಿದ ಕಥೆ

ಖಂಡೆಪ್ಪನ ಮೇಲಿದ್ದ ಅಪವಾದ ತೊಳೆದುಹೋಗುವ ಶುಭದಿನ ಕೊನೆಗೂ ಬಂದಿತ್ತು. ಕಮಲಾಪುರದಲ್ಲಿ ಅವನ ಅತ್ತೆಯ ಕೆಂಪು ಬಾಳೆತೋಟದಲ್ಲಿ ಅರ್ಧ ಚಿತ್ರೀಕರಣವಾಗಿ ನಿಂತುಹೋಗಿದ್ದ ಸಿನಿಮಾ ಯಾಕೆ ಹಾಳಾಯಿತು ಎಂಬ ಸಾಕ್ಷ್ಯಚಿತ್ರ ಯೂಟ್ಯೂಬಿಗೆ ಬಂದಿತ್ತು. ಆ ಸಿನಿಮಾಕ್ಕೆ ಖಂಡೆಪ್ಪನೇ ಸ್ಥಳೀಯ ಮಹಾವ್ಯವಸ್ಥಾಪಕ (ಅಂದರೆ ಚಹಾ ತರಿಸುವವನು). ಅತ್ತೆ ಪುತಳಾಬಾಯಿ ಮದುವೆಗೆಂದು ಪರವೂರಿಗೆ ಹೋಗಿದ್ದಾಗ ಇಡೀ ತೋಟ ಕಡಿಸಿದ್ದೂ ಅವನೇ. "ಡೈರೆಕ್ಟರ್ ಹೇಳ್ಯಾನ್ರೀ, ನಾ ಕಡಿಸೀನಿ" ಎಂದು ಅಂದಿನಿಂದ ಡಂಗುರ ಸಾರುತ್ತಿದ್ದ.

ಈಗ ತೋಟ ಮತ್ತೆ ಎದ್ದಿತ್ತು. "ತಪ್ಪು ಆ ಸಿನಿಮಾದವಂದೇ ಅಂತ ತೋರಸ್ರಿ ಅಳಿಯಂದ್ರ, ತ್ವಾಟದ ಉಸ್ತುವಾರಿ ನಿಮಗೇ" ಎಂದು ಮಾತು ಕೊಟ್ಟ ಅತ್ತೆ, ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಮಗಳ ಮನೆಗೆ ಬಂದು ಟಿವಿ ಮುಂದೆ ಕೂತಿದ್ದಳು.

ಪರದೆಯ ಮೇಲೆ ಬೆಂಗಳೂರಿನ ನಿರ್ದೇಶಕ ಬಂದ. "ನನ್ನ ಒಂದೇ ಮಾತು ನಮ್ಮ ಸಿನಿಮಾ ಮುಳುಗಿಸಿತು" ಎಂದ.

"ನೋಡ್ರಿ, ಒಪ್ಕೊಳ್ಳಾಕತ್ತಾನ!" ಖಂಡೆಪ್ಪ ತೊಡೆ ತಟ್ಟಿದ.

ಆಗ ಫೋನಿನ ಧ್ವನಿಮುದ್ರಣ ಶುರುವಾಯಿತು.

"ಖಂಡೆಪ್ಪನವರೇ, ನಾಳೆ ಬೆಳಿಗ್ಗೆ ಬಾಳೆತೋಟ ತೆಗೀಬೇಕು."

"ತಗಸ್ತೀನ್ರಿ. ಪೂರಾ?"

"ಪೂರಾ! ಒಂದು ಗಿಡಾನೂ ಬಿಡೋ ಹಾಗಿಲ್ಲ."

"ನೀವು ಬರೋದ್ರಾಗ ಎಲ್ಲಾ ಸಾಫ್ ಇರ್ತದ್ರಿ ಸಾಹೇಬ್ರ!"

"ನಿಮ್ಮಂಥೋರು ಊರಿಗೊಬ್ಬರಿದ್ದರೆ ಸಾಕು."

ನಿರ್ದೇಶಕ ಮೂಗೊರೆಸಿಕೊಂಡ. "ಕ್ಯಾಮೆರಾದಲ್ಲಿ ತೆಗೀಬೇಕು ಅಂದೆ ಸ್ವಾಮಿ! ಅವರು ಕುಡುಗೋಲಿನಲ್ಲಿ ತೆಗೆಸಿಬಿಟ್ಟರು. ಬರೀ ಬೊಡ್ಡೆ ನೋಡಿ ನಿರ್ಮಾಪಕರು ಅಂದೇ ಗಂಟುಮೂಟೆ ಕಟ್ಟಿದರು."

ಖಂಡೆಪ್ಪನಿಗೆ ಸಿಡಿಲು ಬಡಿದಂತಾಯಿತು. ತಾನೇ ಕಡಿಸಿ ತಾನೇ ಅತ್ತ ತಲೆಕೆಟ್ಟವನೆಂದು ಊರತುಂಬ ಆ ನಿರ್ದೇಶಕನನ್ನು ಆಡಿಕೊಂಡು ನಕ್ಕಿದ್ದನಲ್ಲ!

"ಪುಣ್ಯಾ, ನಾ ಎಂದೂ ನಿಮಗ 'ನನ್ನ ಒಂದು ಸಲ ತಗೀರಿ' ಅನ್ನಲಿಲ್ಲರಿ" ಎಂದಳು ಹೆಂಡತಿ ರಾಜೇಶ್ರೀ. (ಫೋಟೋದ ಮಾತು.)

"ಅಲ್ಲ, ಪೂರಾ ಅಂದನಲ್ಲ..."

ಪರದೆಯ ಮೇಲೆ ನಿರ್ದೇಶಕ ಬಾಳೆಬೊಡ್ಡೆ ತಬ್ಬಿಕೊಂಡು ಬಿಕ್ಕುತ್ತಿದ್ದ. ಇಲ್ಲಿ ಪುತಳಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನ್ನ ತ್ವಾಟಕ್ಕ ಹೆತ್ತವ್ವನಂಗ ಅತ್ತಾನ. ಆ ಪುಣ್ಯಾತ್ಮನ್ನ ಎಷ್ಟು ಬೈದೀನವ್ವಾ ರಾಜಿ! ಫೋನ್ ಹಚ್ಚು. ಬಂದು ಸಿನಿಮಾ ಮುಗಸಲಿ. ಅಲ್ಲೀತನಕ ತ್ವಾಟ ಅವಂದೇ."

"ಮತ್ತ ನನಗೇನ್ರಿ ಅತ್ತಿ?" ಖಂಡೆಪ್ಪ ಕೇಳಿದ.

"ನಿಮಗೂ ಕೆಲಸ ಅದ ಅಳಿಯಂದ್ರ" ಎಂದಳು ಪುತಳಾಬಾಯಿ, ತುಂಬು ಮರ್ಯಾದೆಯಿಂದ. "ಅವರು ಕಮಲಾಪುರದಾಗ ಇರೂತನಕ ನೀವು ಕಲಬುರಗಿ ಬಿಟ್ಟು ಕದಲಬ್ಯಾಡ್ರಿ."